ಒಂದು ಗ್ವಾಡಿ, ಎರಡು ಮನಿ

ನಾನು ಆಟ ಮಾಡಾಕಿ. ಆಡಾಕಿ ಅಲ್ಲ, ಮಾಡಾಕಿ. ಕಂಪ್ಯೂಟರ್ ಗೇಮ್. ಹಿಂಗಂತ ಹೇಳಿದ ಕೂಡಲೇ ಮಂದಿ ಕೇಳೂ ಪ್ರಶ್ನಿ ಒಂದ: "ಅದರಾಗ ಗುಂಡ ಹಾರಸ್ತಾರೇನ್ರಿ?" ಇಲ್ರಿ. ನನ್ನ ಆಟದಾಗ ಯಾರೂ ಯಾರನ್ನೂ ಹೊಡಿಯಂಗಿಲ್ಲ. ಗೆಲ್ಲೂದಿಲ್ಲ, ಸೋಲೂದಿಲ್ಲ, ಮ್ಯಾಲ ಮೂಲ್ಯಾಗ ಟಿಕ್ ಟಿಕ್ ಅನ್ನೂ ಗಡಿಯಾರ ಇಲ್ಲ. "ಹಂಗಾರ ಮತ್ತೇನೈತಿ?" ಅಂತಾರ. ಅಲ್ಲಿಂದ ನನ್ನ ಬಾಯಿ ಚಾಲೂ ಆತಂದ್ರ ಯಾರಪ್ಪನ ಮಾತಿಗೂ ನಿಲ್ಲೂದಿಲ್ಲ.

ಏನೈತಿ ಅಂದ್ರ, ಒಂದು ಖಾಲಿ ದಂಡಿ ಐತಿ. ಸಮುದ್ರದ ದಂಡಿ. ಉಸುಕಿನ ಮ್ಯಾಲ ಬೆರಳಿಲೆ ಮುಟ್ಟಿದ್ರಿ ಅಂದ್ರ ಟಕ್ ಅಂತ ಒಂದು ಗ್ವಾಡಿ ಏಳತೈತಿ. ನಾಕೂ ಕಡೆ ಗ್ವಾಡಿ ಆದವಂದ್ರ ಮ್ಯಾಲ ಹಂಚು ತಾವ ಬಂದು ಕುಂಡ್ರತಾವ. ಬಾಗಲಾ ಎಲ್ಲಿ ಅಂತ ತೋರಿಸಿದ್ರ ಅದರ ಮುಂದ ಪಾವಟಿಗಿ ಹುಟ್ಟತಾವ. ಇನ್ನಷ್ಟು ಜಾಗಾ ಬಿಟ್ಟಿದ್ರ, ಗೋವಾದಾಗ ಮನಿ ಮುಂದ ಸಂಜಿಗೆ ಕುಂತು ಹರಟಿ ಹೊಡಿಯೂ ಜಗಲಿ ಇರತೈತಲ್ಲ, ಬಲ್ಕಾಂವ್ ಅಂತಾರ, ಅದೂ ಮೂಡತೈತಿ. ನೀವು ಬರೇ ಮುಟ್ಟಕೋತ ಹೋಗೂದು. ಮನಿ ಒಳಗ ಇಡಾಕ ಕೊಡ, ಹೊರಸು, ಕಂದೀಲು, ತಾಟು ಎಲ್ಲಾ ಅದಾವ. ಊರು ಬೆಳಿತೈತಿ. ನಿಮ್ಮ ಮನಸಿಗೆ ಬಂದಷ್ಟ.

ಇದರ ಹಿಂದಿನ ಕೋಡು ಬರದಾಕಿ ನಾನು. ಪ್ರತಿಯೊಂದು ಇಟ್ಟಂಗಿ ಪಕ್ಕಕ್ಕ ಏನೈತಿ ಅಂತ ಮೊದಲು ನೋಡತೈತಿ, ಆಮ್ಯಾಲ ತಾ ಹೆಂಗಿರಬೇಕು ಅಂತ ತಾನ ನಿರ್ಧಾರ ಮಾಡತೈತಿ. ಪಕ್ಕಕ್ಕ ನೀರಿದ್ರ ಪಾವಟಿಗಿ ಆಗತೈತಿ, ಗಾಳಿ ಇದ್ರ ಕಿಡಕಿ ಆಗತೈತಿ. ಎರಡು ಮನಿ ಎದುರಾಬದುರಾ ಬಂದ್ರ ನಡಕ ಓಣಿ ಆಗತೈತಿ. ಮೊದಲನೇ ಸಲ ಓಣಿ ಆದ ದಿನ ನಾ ಕುರ್ಚಿ ಬಿಟ್ಟು ಹಾರಿದ್ದೆ. ಗ್ವಾಡಿಯಿಂದ ಗ್ವಾಡಿಗೆ ದಾರ ಬಿತ್ತು, ದಾರದ ಮ್ಯಾಲ ಅರಬಿ ಬಂದು ತೂಗಿದವು, ಕೆಳಗ ಒಂದು ಬೆಕ್ಕು ಬಂದು ಮಕ್ಕೊಂತು. ಅಯ್ಯ ದೇವರ, ನಾನ ಬರದ ಕೋಡಿನಾಗ ನನಗ ಗೊತ್ತಿಲ್ಲದ ಬೆಕ್ಕು! ನನ್ನ ಜೋಡಿ ಕೆಲಸಾ ಮಾಡೂ ಗೋವಾದಾಂವ, ಆಟದ ಚಿತ್ರ ಎಲ್ಲಾ ತಗಿಯಾಂವ, ಮೂಲ್ಯಾಗ ಕುಂತು ಚಾ ಕುಡಕೋತ ಮುಸಿಮುಸಿ ನಗಾಕತ್ತಿದ್ದ. ಕಳ್ಳ, ನನಗ ಹೇಳದ ಹಾಕಿದ್ದ ಅದನ್ನ.

ನಾವಿದ್ದದ್ದ ಇಬ್ಬರು. ಗೋವಾದ ವಾಸ್ಕೋದಾಗ ಒಂದು ಬೇಕರಿ ಮ್ಯಾಲಿನ ಖೋಲಿ ನಮ್ಮ ಆಫೀಸು. ಮುಂಜಾನೆ ಪಾವ್ ಬೇಯೂ ವಾಸನಿಗೆ ಹೊಟ್ಟಿ ಕರಕರ ಅನ್ನತಿತ್ತು, ಕೆಲಸಾ ಮಾತ್ರ ಚಲೋ ಸಾಗತಿತ್ತು. ನಮ್ಮಿಬ್ಬರದು ಒಂದ ಮಾತಿತ್ತು: ಈ ಆಟದಾಗ ಯಾರಿಗೂ ಹೆದರಿಕಿ ಆಗಬಾರದು. ಏನ ಮಾಡಿದ್ರೂ ತಪ್ಪಾಗಬಾರದು. ಹೊರಗ ಇಡೀ ದಿನ ಹೆದರಕೋತ ಬದುಕೂ ಮಂದಿಗೆ ಕುಂಡ್ರಾಕ ಒಂದು ಜಾಗಾ ಮಾಡೂದು, ಅಷ್ಟ. ಹಂಗಂತ ಹೇಳೂ ಮುಂದ ನನ್ನ ಕಣ್ಣ ಮುಂದ ಯಾವಾಗಲೂ ಒಬ್ಬಾಕಿನ ಇರತಿದ್ಲು. ನನ್ನ ಅವ್ವ.

ಅವ್ವ ಬೀಚಿನ್ಯಾಗ ಸರ ಮಾರತಾಳ. ಮಣಿ ಸರ, ಕವಡಿ ಪೋಣಿಸಿದ ಚೀಲ, ಕಾಲಿಗೆ ಕಟಗೊಳ್ಳೂ ಗೆಜ್ಜಿ ದಾರ. ವಿಜಯಪುರದ ಕಡೆಯಿಂದ ಬಂದು ಇದ ವಾಸ್ಕೋದ ಬಾಯ್ನಾ ದಂಡಿ ಮ್ಯಾಲ ಮನಿ ಮಾಡಿದ್ಲು, ನಾ ಹುಟ್ಟಿದ್ದು ಅಲ್ಲೇ. ನಾ ಸಣ್ಣಾಕಿ ಇದ್ದಾಗ ಸರಕಾರದಾವರು ಆ ವಸ್ತಿ ಒಡದ್ರು. ಆಮ್ಯಾಲ ಬಾಡಗಿ ಮನಿ, ಒಂದಾದ ಮ್ಯಾಲ ಒಂದು. ಯಾವದಕ್ಕೂ ಅವ್ವ "ನಮ್ಮ ಮನಿ" ಅಂದಿಲ್ಲ, "ರೂಮು" ಅಂತಾಳ. ಅದಕ್ಕ ನನಗ ಒಂದ ಹಟ ಇತ್ತು. ಈ ಆಟ ಮಂದಿ ಕೈಗೆ ಹೋಗೂಕಿಂತ ಮುಂಚೆ ಅವ್ವ ಇದರಾಗ ಒಂದು ಮನಿ ಕಟ್ಟಬೇಕು, ಹೆದರದ ಕಟ್ಟಬೇಕು. ಅದಾಗಲಿಲ್ಲ ಅಂದ್ರ ಊರಿನ ಮಂದಿ ಎಷ್ಟ ಹೊಗಳಿದ್ರೂ ನನ್ನ ಲೆಕ್ಕದಾಗ ಆಟ ಸೋತಂಗ.

ಮಳಿಗಾಲದಾಗ ಬೀಚಿನ ಧಂದೆ ಬಂದ್. ಅವ್ವ ಮುಂದಿನ ಸೀಜನ್‌ಗೆ ಮಣಿ ಪೋಣಿಸಕೋತ ರೂಮಿನ್ಯಾಗ ಕುಂತಿರತಾಳ. ಒಂದು ಮಧ್ಯಾಹ್ನ ಟ್ಯಾಬ್ ತಂದು ಆಕಿ ತೊಡಿ ಮ್ಯಾಲ ಇಟ್ಟೆ.

"ಇದೇನ? ನಿನ್ನ ಪೆಟಿಗಿ ನನಗ್ಯಾಕ?" ಅಂದ್ಲು.

"ಆಡ ಬೇ ಅವ್ವಾ. ನಾ ಮಾಡೇನಿ ಇದನ್ನ."

"ಹುಚ್ಚಿ, ಆಡೂ ವಯಸ್ಸೇನ ನಂದು? ಮುರದಗಿರದ ಹೋದ್ರ?"

"ಮುರಿಯಾಕ ಇದರಾಗ ಏನೂ ಇಲ್ಲ. ಸುಮ್ನ ಮುಟ್ಟು."

ಮುಟ್ಟಿದ್ಲು. ಟಕ್ ಅಂತು. ಗಾಬರ್ಯಾಗಿ ಕೈ ಹಿಂದ ತಗೊಂಡ್ಲು, ಗ್ವಾಡಿ ಎದ್ದದ್ದು ನೋಡಿ ಕಣ್ಣ ಅರಳಸಿದ್ಲು, ಮತ್ತ ಮುಟ್ಟಿದ್ಲು. ಟಕ್, ಟಕ್. ಹಂಚು ಬಂದು ಕುಂತಾಗ "ಅವ್ವಯ್ಯ!" ಅಂತ ನಕ್ಲು. ಮಣಿ ಸೂಜಿ ಬದಿಗೆ ಇಟ್ಲು. ನನಗ ಒಳಗ ಹಬ್ಬ ಆದಂಗ ಆಗಾಕತ್ತಿತ್ತು, ಖರೇ ಹೇಳತೇನಿ, ಮೊದಲನೇ ಪಗಾರ ಬಂದಾಗೂ ಹಂಗ ಆಗಿರಲಿಲ್ಲ.

ಮನಿ ಒಳಗ ಹೊರಸು ಇಟ್ಲು, ಕೊಡ ಇಟ್ಲು, ಕಂದೀಲು ಇಟ್ಲು. "ಚಲೋ ಆತು ನೋಡ ನಿನ್ನ ಮನಿ," ಅಂದೆ ನಾ.

"ಇದು ನಂದಲ್ಲ. ಖಾಲಾಂದು."

ಖಾಲಾ ಅಂದ್ರ ಬಾಯ್ನಾದಾಗ ನಮ್ಮ ಬಾಜೂ ಮನಿಯಾಕಿ. ಹುಬ್ಬಳ್ಳಿ ಕಡೆಯಾಕಿ. ಆಕಿ ಗಂಡ ಅದಿರಿನ ಲಾರಿ ಹೊಡಿತಿದ್ದ, ವಸ್ತಿ ಹೋದ ಮ್ಯಾಲ ಅವರು ಗಣಿ ಕಡೆಯ ಕುಡಚಡೆಗೆ ಹೋಗಿ ನಿಂತ್ರು. ಈಗೂ ಅವ್ವಗ ಆಕಿ ಜೋಡಿ ಫೋನಿನ್ಯಾಗ ಜಗಳಾಡಲಿಲ್ಲಂದ್ರ ಉಂಡದ್ದು ಕರಗೂದಿಲ್ಲ. ಅದೇನೋ ಸರಿ. ಆದ್ರ ಪರೀಕ್ಷೆಗಂತ ಆಡಿದ ನಮ್ಮ ಗೆಳ್ಯಾರೆಲ್ಲಾ ಮೊದಲನೇ ಮನಿ ತಮಗಂತನ ಕಟಗೊಂಡಿದ್ರು. ಅವ್ವ ಯಾಕ ಇನ್ನೊಬ್ಬರದು ಕಟ್ಟಿದ್ಲು ಅಂತ ನನಗ ಕುತೂಹಲ ಆತು. ಕೇಳಬೇಕು ಅನ್ನೂದರಾಗ ಆಕಿ ಬೆರಳು ಮುಂದ ಹೋಗಿತ್ತು. ಖಾಲಾನ ಗ್ವಾಡಿಗೆ ಹಚ್ಚಿ, ಒಂದು ಕೂದಲಿನಷ್ಟೂ ಜಾಗಾ ಬಿಡದ, ತನ್ನ ಮನಿ ಇಡಾಕ ಹೋದ್ಲು.

ಎರಡೂ ಮನಿ ಕೆಂಪ ಆದವು.

ಅದು ನಾ ಬರದ ನಿಯಮ. ಎರಡು ಮನಿ ನಡಕ ಓಣಿ ಬೇಕ ಬೇಕು. ಇಲ್ಲಾಂದ್ರ ಅರಬಿ ಹಾಕೂ ದಾರ ಎಲ್ಲಿ, ಬೆಕ್ಕು ಎಲ್ಲಿ? ಜಾಗಾ ಸಾಲಲಿಲ್ಲ ಅಂದ್ರ ಎರಡೂ ಮನಿ ಕೆಂಪ ಆಗತಾವ, ಆಡಾವರು ಸ್ವಲ್ಪ ಆಚೆ ಸರಿಸತಾರ, ಕೆಂಪ ಹೋಗತೈತಿ. ಇಷ್ಟು ದಿನ ಆಡಿದಾವರೆಲ್ಲಾ ಹಂಗ ಮಾಡಿದ್ರು, ಯಾರೂ ಅದರ ಬಗ್ಗೆ ಮಾತೂ ಆಡಿರಲಿಲ್ಲ.

ಅವ್ವ ಸರಿಸಲಿಲ್ಲ. ನಗಿ ನಿಂತಿತು. ಖಾಲಾನ ಮನಿ ಒಳಗ ಬೆರಳು ಹಾಕಿ ಮೊದಲು ಕೊಡ ಎತ್ತಿದ್ಲು, ಹೊರಗ ಉಸುಕಿನ ಮ್ಯಾಲ ಇಟ್ಲು. ಆಮ್ಯಾಲ ಹೊರಸು. ಆಮ್ಯಾಲ ಕಂದೀಲು. ಲಗೂನ, ತಡಾ ಮಾಡದ, ಒಂದೊಂದ ಹೊರಗ ತರಾಕತ್ತಿದ್ಲು. ನನಗ ತಿಳೀಲಿಲ್ಲ. ಸಾಮಾನು ಹೊರಗ ಇಟ್ಟು ಆಡೂದು ಹೊಸಾ ರೀತಿ ಏನರ ಕಂಡಕೊಂಡ್ಲೇನು ಅಂತ ನಾ ಹುಚ್ಚಿಯಂಗ ಬಗ್ಗಿ ನೋಡಕೋತ ಕುಂತಿದ್ದೆ.

"ಯಾಕ ಬೇ, ಎಲ್ಲಾ ಹೊರಗ ಯಾಕ ಹಾಕಾಕತ್ತಿ?"

ಟ್ಯಾಬಿನಿಂದ ಮಾರಿ ಎತ್ತದ ಅಂದ್ಲು, "ಕೆಂಪ ಹಚ್ಚ್ಯಾರಲ್ಲ. ಇನ್ನ ಬರತಾರ. ಸಾಮಾನಾದ್ರೂ ಉಳೀಲಿ."

ಬಾಯ್ನಾದಾಗ ಮನಿ ಒಡಿಯೂಕಿಂತ ಮೊದಲು ನಮ್ಮ ಗ್ವಾಡಿ ಮ್ಯಾಲೂ ಕೆಂಪ ಬಣ್ಣದ ಗುರುತು ಬಂದಿತ್ತು. ಯಾರು ಹಚ್ಚಿ ಹೋದ್ರು ಅನ್ನೂದು ನನಗ ನೆನಪಿಲ್ಲ, ಬಣ್ಣ ಕೆಳಗ ಇಳದು ಒಣಗಿದ್ದು ನೆನಪೈತಿ. ಅವ್ವ, ಖಾಲಾ ಇಬ್ಬರೂ ಕೂಡಿ ಎರಡೂ ಮನಿ ಸಾಮಾನು ದಂಡಿಗೆ ಹೊತ್ತಿದ್ದು, ಯಾರ ಕೊಡ ಯಾರದು ಅಂತ ನೋಡದ ಹೊತ್ತಿದ್ದು ನೆನಪೈತಿ. ಅವ್ವ ನನ್ನನ್ನ ಒಂದು ಗಂಟಿನ ಮ್ಯಾಲ ಕುಂಡರಿಸಿ "ಇಲ್ಲಿಂದ ಏಳಬ್ಯಾಡ" ಅಂದಿದ್ಲು. ಅಷ್ಟ. ಆ ದಿನದ ಮಾತು ಆಕಿ ಮತ್ತ ಎಂದೂ ತಗದಾಕಿ ಅಲ್ಲ.

ನನಗ ಅಳು ಬಂತು. ಸಿಟ್ಟೂ ಬಂತು, ಯಾರ ಮ್ಯಾಲ ಅಂತ ಹೇಳಾಕ ಬರೂದಿಲ್ಲ. ಹೆದರಿಕಿ ಇಲ್ಲದ ಜಾಗಾ ಅಂತ ಊರಿಗೆಲ್ಲಾ ಸಾರಕೋತ ತಿರಗ್ಯಾಡಿದ್ದೆ, ಅದನ್ನ ಯಾರಿಗಂತ ಮಾಡಿದ್ದೆನೋ ಆಕಿನ ಮೊದಲು ಹೆದರಿದ್ಲು. "ಇದು ಆಟ ಬೇ ಅವ್ವಾ, ಯಾರೂ ಬರಂಗಿಲ್ಲ" ಅಂದೆ. ಅವ್ವ "ಹೂಂ" ಅಂದು ಟ್ಯಾಬ್ ನನ್ನ ಕೈಗೆ ಕೊಟ್ಟು ಮಣಿ ಸೂಜಿ ತಗೊಂಡ್ಲು. ಖಾಲಾನ ಸಾಮಾನು ಉಸುಕಿನ ಮ್ಯಾಲ ಹಂಗ ಉಳೀತು.

ಮರುದಿನ ಆಫೀಸಿನ್ಯಾಗ ಹೇಳಿದೆ. ಚಿತ್ರ ತಗಿಯಾಂವ ಬಾಯಿ ಬಿಟಗೊಂಡು ಕೇಳಿದ. ಅವನೂ ಚಲೋ ಮನಸಿನ ಮನಷ್ಯಾ, ಪಾವ್ ತಿನ್ನೂದು ಬಿಟ್ಟು ಕೂಡಲೇ ಬಣ್ಣ ಬದಲ ಮಾಡಾಕ ಕುಂತ. ಕೆಂಪ ತಗದು ತಿಳಿ ನೀಲಿ ಹಾಕಿದ. "ಬರೆಂ ಮೂ?" ಅಂದ, ಚಲೋ ಆತಲ್ಲ ಅಂತ. ಆತಪಾ, ಇಷ್ಟ ಸಣ್ಣ ಕೆಲಸ ಇತ್ತಲ್ಲ ಅಂತ ನನಗೂ ಹಗುರ ಆತು. ಸಂಜಿಗೆ ಓಡಿ ಬಂದು ಅವ್ವಗ ತೋರಿಸಿದೆ. "ನೋಡ, ಕೆಂಪ ತಗದೇವಿ. ಈಗ ನೀಲಿ."

ಅವ್ವ ನನ್ನ ಮಾರಿ ನೋಡಿದ್ಲು, ಸಣ್ಣ ಕೂಸಿನ್ನ ನೋಡಿದಂಗ. "ಬಣ್ಣ ಬ್ಯಾರೆ ಹಚ್ಚಿದ್ರ ಬರೂದು ಬಿಡತಾರೇನ ಮಗಳ?"

ಆವಾಗ ನನಗ ಇನ್ನೊಂದು ಪ್ರಶ್ನಿ ಹೊಳೀತು. ನಿನ್ನೆ ಕೇಳಬೇಕಂತ ಬಿಟ್ಟದ್ದು. ಇಷ್ಟು ದೊಡ್ಡ ದಂಡಿ ಖಾಲಿ ಬಿದ್ದೈತಿ, ಈಕಿಗೆ ಖಾಲಾನ ಗ್ವಾಡಿನ ಯಾಕ ಬೇಕು?

"ಅವ್ವಾ, ಒಂದೀಟು ಆಚೆ ಕಟ್ಟಿದ್ರ ಏನಾಗತಿತ್ತು?"

"ಆಚೆ? ಆಚೆ ಯಾಕ ಕಟ್ಟಲಿ? ಆಕಿ ಗ್ವಾಡಿ ಕೊಟ್ಟಾಳಲ್ಲ."

ಗ್ವಾಡಿ ಕೊಡೂದು. ಈ ಮಾತು ನಾ ಕೇಳಿನ ಇರಲಿಲ್ಲ. ಅಲ್ಲೇ ಹುಟ್ಟಿದಾಕಿ, ಆದ್ರೂ ಕೇಳಿರಲಿಲ್ಲ. ನೆಲಕ್ಕ ಕುಂತು ಕೆದಕಿ ಕೆದಕಿ ಕೇಳಿದೆ. ಅವ್ವ ಮಣಿ ಪೋಣಿಸಕೋತ ಹೇಳಿದ್ಲು. ಹೊಸದಾಗಿ ದಂಡಿಗೆ ಬಂದಾವರಿಗೆ ಪೂರಾ ಮನಿ ಕಟ್ಟೂ ತಾಕತ್ತು ಎಲ್ಲಿರತೈತಿ? ಅದಕ್ಕ ಮೊದಲ ಇದ್ದಾವರು ತಮ್ಮ ಒಂದು ಬಾಜೂ ಗ್ವಾಡಿ ಕೊಡತಿದ್ರು. "ಹಚ್ಚಿ ಕಟ್ಟಿಕೋರಿ" ಅಂತಿದ್ರು. ಬಂದಾವರು ಉಳಿದ ಮೂರ ಕಡೆ ತಗಡು, ತಟ್ಟಿ, ಕಲ್ಲು ಏನ ಸಿಗತೈತೋ ಅದನ್ನ ನಿಲ್ಲಸತಿದ್ರು. ಒಲಿ ಹಚ್ಚಿದ ದಿನ ಗ್ವಾಡಿ ಕೊಟ್ಟಾವರ ಮನಿಗೆ ಒಂದು ಡಬ್ಬಿ ಸಿಹಿ ಮಾದ್ಲಿ ಕೊಡೂದು. ಅಲ್ಲಿಂದ ಎರಡೂ ಮನಿಗೆ ಬೀಗತನ. ಬರೇ ಚ್ಯಾಷ್ಟಿಗೆ ಅಲ್ಲ, ಕರಿಯೂದ ಹಂಗ.

"ಖಾಲಾ ನನ್ನ ಗ್ವಾಡಿ ಬೀಗತಿ," ಅಂದ್ಲು ಅವ್ವ. "ನಡುವ ಒಂದು ಕಿಂಡಿ ಮಾಡಿದ್ವಿ. ನನ್ನ ಪಲ್ಯಾ ಆಕಡೆ, ಆಕಿ ಸಾರು ಈಕಡೆ. ನೀ ಅತ್ತರ ಆಕಿ ಅಲ್ಲಿಂದನ ಬೈತಿದ್ಲು ನನಗ, ಕೂಸಿನ್ನ ಯಾಕ ಅಳಸಾಕತ್ತಿ ಅಂತ." ಸೂಜಿ ನಿಲ್ಲಿಸಿ ನಕ್ಲು. "ನಿನ್ನ ಆಟದಾಗ ಎಲ್ಲಾರೂ ದೂರ ದೂರ ಅದಾರ. ಸಾವಕಾರರ ಊರ ಮಾಡೀ ನೀ."

ಆಹಾ, ಏನ ಬೈಗಳಾ ಅದು! ಬಿಸಿ ಬಿಸಿ ಹೊಡತ ಬಿದ್ದಂಗ ಆತು, ಅದರ ಜೋಡಿ ತಲ್ಯಾಗ ಹುಳಾ ಹೊಕ್ಕಿತು. ನನ್ನ ಇಟ್ಟಂಗಿ ಪಕ್ಕಕ್ಕ ನೋಡತೈತಲ್ಲ. ಪಕ್ಕಕ್ಕ ಗ್ವಾಡಿ ಕಂಡ್ರ "ಇಲ್ಲಿ ಆಗೂದಿಲ್ಲ" ಅಂತ ಯಾಕ ಅನಬೇಕು? "ಇಲ್ಲಿ ಆಗಲೇ ಒಂದು ಐತಿ, ನಾ ಏಳೂ ಕಾರಣ ಇಲ್ಲ" ಅಂದು ಸುಮ್ನ ಕುಂತ್ರ? ಮೂರ ಕಡೆ ಎದ್ದು, ನಾಕನೇದ್ದನ್ನ ಬಾಜೂದಾವರಿಂದ ಇಸಗೊಂಡ್ರ? ನನ್ನ ಕೈ ತಡೀವಲ್ದು. ಮರುದಿನ ಬೇಕರಿ ಬಾಗಲಾ ತಗಿಯೂಕಿಂತ ಮುಂಚೆ ಆಫೀಸಿನ್ಯಾಗ ಹಾಜರು.

ಕೋಡು ಅನ್ನೂದು ಹೇಳಿದಂಗ ಕೇಳೂ ಪ್ರಾಣಿ ಅಲ್ಲ. ಓಣಿ ನಿಯಮ ತಗದ ಕೂಡಲೇ ಊರಿಗೆ ಊರ ಎಡವಟ್ಟ ಆತು. ಹಂಚಿಗೆ ತಾ ಯಾರ ಮನಿದು ಅಂತ ಗೊತ್ತಾಗದ ನಡು ಮುಗಲಿನ್ಯಾಗ ನಿಂತಿತ್ತು. ಬೆಕ್ಕು ಗ್ವಾಡಿಯೊಳಗ ಅರ್ಧಾ, ಹೊರಗ ಅರ್ಧಾ. ಒಂದು ಮನಿ ಅಳಿಸಿದ್ರ ಅದರ ಗ್ವಾಡಿ ನೆಚ್ಚಿದ ಸಾಲೆಲ್ಲಾ ಒಂದರ ಹಿಂದ ಒಂದು ಬೀಳತಿತ್ತು. "ಕಿತೆಂ ಗೋ ಹೆಂ?", ಏನ ಇದು ಅಂತ ಚಿತ್ರ ತಗಿಯಾಂವ ತಲಿ ಹಿಡಕೊಂಡು ಕುಂತ. ಅವಗೂ ಅನುಮಾನ ಇತ್ತು. ಓಣಿ ಇಲ್ಲಂದ್ರ ಊರ ಚಂದ ಕಾಣತೈತೇನು, ಮಂದಿ ನೋಡಿ ಬ್ಯಾಸರಾಗೂದಿಲ್ಲೇನು ಅಂತಿದ್ದ. ಸುಳ್ಳಲ್ಲ, ನನಗೂ ಅಂಜಿಕಿ ಇತ್ತು. ಆದ್ರ ಕಟ್ಟಿ ನೋಡದ ಹೆಂಗ ತಿಳೀಬೇಕು?

ಒಂದು ದಿನ ಎಲ್ಲಾ ಸರಿಯಾಗಿ ಕುಂತವು. ಎರಡು ಮನಿ ಹಚ್ಚಿ ಇಟ್ಟೆ, ನಡಕ ಒಂದ ಗ್ವಾಡಿ. ಮ್ಯಾಲಿನ ಹಂಚು ಎರಡೂ ಕೂಡಿ ಒಂದ ಉದ್ದ ಇಳಕಲಾಗಿ ಹರೀತು. ಇನ್ನೊಂದು ಹಚ್ಚಿದೆ, ಮತ್ತೊಂದು ಹಚ್ಚಿದೆ. ಸಾಲು ಮಣಕೋತ, ದಂಡಿ ಹೆಂಗ ಬಾಗಿತ್ತೋ ಹಂಗ ಬಾಗಕೋತ ಹೋತು. ಅರಬಿ ದಾರ ಹಿತ್ತಲಕ್ಕ ಹೋಗಿ ಅಲ್ಲಿ ತೂಗಿದವು, ಬೆಕ್ಕು ಹಂಚ ಏರಿ ಮನಿಯಿಂದ ಮನಿಗೆ ದಾಟಾಕತ್ತು. ಓಣಿ ಇದ್ದಾಗ ಕಂಡಿರಲಿಲ್ಲ ಇಷ್ಟು ಚಂದ. ಚಿತ್ರ ತಗಿಯಾಂವ ಪೆನ್ನ ತಗೊಂಡು ಕುಂತ. ಸಂಜಿ ಹೊತ್ತಿಗೆ ಕೂಡಿದ ಗ್ವಾಡಿಗೋಳಾಗ ಒಂದೊಂದು ಕಿಂಡಿ ಬಂದಿತ್ತು, ಕಿಂಡಿ ಒಳಗ ಒಂದು ಬಟ್ಟಲು ಹಿಡಿಸೂವಷ್ಟು.

ಅವ್ವ ಎರಡನೇ ಸಲ ಆಡಿದ್ದು ಒಂದು ಐತವಾರ ಮಧ್ಯಾಹ್ನ. ಹೊರಗ ಮಳಿ ಧೋ ಅಂತ ಹೊಡ್ಯಾಕತ್ತಿತ್ತು. ನಾ ಏನೂ ಹೇಳಲಿಲ್ಲ. ಟ್ಯಾಬ್ ಮುಂದ ಇಟ್ಟು, ಉಳ್ಳಾಗಡ್ಡಿ ಹೆಚ್ಚೂ ನೆಪಾ ಮಾಡಿ ಬಾಜೂಕ ಕುಂತೆ. ಈ ಸಲನೂ ಆಕಿ ಕೈ ಹಿಂದ ತಗೊಂಡ್ಲು ಅಂದ್ರ ಮತ್ತ ಮುಟ್ಟೂದಿಲ್ಲ ಅಂತ ನನಗ ಗೊತ್ತಿತ್ತು.

ಅವ್ವ ಭಾಳ ಹೊತ್ತು ನೋಡಿದ್ಲು. ಖಾಲಾನ ಸಾಮಾನು ಉಸುಕಿನ ಮ್ಯಾಲ ಹಂಗ ಇದ್ದವು. ಆಕಿ ಮಾಡಿದ್ದೇನು ಗೊತ್ತೇನ್ರಿ? ಫೋನ್ ತಗದು ಖಾಲಾಗ ಹಚ್ಚಿದ್ಲು, ವಿಡಿಯೋ ಕಾಲ್. ಫೋನನ್ನ ಟ್ಯಾಬಿನ ಕಡೆ ತಿರುವಿ ಹಿಡದ್ಲು.

"ಅಯ್ಯ, ಇದ್ಯಾರ ಮನಿ ಅಕ್ಕಾ?" ಕುಡಚಡೆಯಿಂದ ಖಾಲಾನ ದನಿ.

"ನಿಂದ ನೋಡ. ಮಗಳು ಮಾಡ್ಯಾಳ."

"ನಂದಾದ್ರ ನನ್ನ ಹೊರಸು ಹೊರಗ್ಯಾಕ ಒಗದೀ? ಮಳ್ಯಾಗ ತೋಯಸಾಕ?"

"ಇರ ನಿನ್ನ, ಬಾಯಿ ಮುಚ್ಚಕೋ. ಮೊದಲು ಹೇಳು, ಗ್ವಾಡಿ ಕೊಡತಿಯೋ ಇಲ್ಲೋ?"

ಖಾಲಾ ಅಂದ್ಲು, ದನಿ ಬ್ಯಾರೆ ಆಗಿತ್ತು, "ಕೊಟ್ಟೇನಲ್ಲ ಅಕ್ಕಾ. ಯಾವಾಗೋ ಕೊಟ್ಟೇನಿ. ಹಚ್ಚಿ ಕಟ್ಟಿಕೋ."

ಅವ್ವ ಕಟ್ಟಿದ್ಲು. ಟಕ್ ಅಂತು. ಕೆಂಪಿಲ್ಲ, ನೀಲಿ ಇಲ್ಲ. ಹಂಚು ಹರಕೋತ ಬಂದು ಒಂದಾತು. ಗ್ವಾಡ್ಯಾಗ ಕಿಂಡಿ ತಗೀತು. "ಅಯ್ಯ, ಕಿಂಡಿನೂ ಐತೆ!" ಅಂತ ಇಬ್ಬರೂ ಒಮ್ಮೆಲೆ ಚೀರಿದ್ರು. ಅವ್ವ ಹೊರಸು ಎತ್ತಿ ಒಳಗ ಇಟ್ಲು, ಕೊಡ ಎತ್ತಿ ಒಳಗ ಇಟ್ಲು, ಕಂದೀಲು ಎಲ್ಲಿ ಇಡಬೇಕು ಅಂತ ಖಾಲಾ ಅಲ್ಲಿಂದನ ಹುಕುಮು ಮಾಡಿದ್ಲು. ಬಾಗಲಾ ಸಮುದ್ರದ ಕಡೆ ಬ್ಯಾಡ, ಉಸುಕು ಒಳಗ ಬರತೈತಿ ಅಂತ ಜಗಳಾ. ಆಮ್ಯಾಲ ಮೀನ ಮಾರಾಕಿದು ಎಲ್ಲಿತ್ತು, ಬಂದರದಾಗ ಮೂಟಿ ಹೊರಾವನ ಮನಿ ಅದರ ಆಕಡೆನೋ ಈಕಡೆನೋ, ಚಾದಂಗಡಿ ಮೂಲಿಗೆ ಇತ್ತಲ್ಲ. ಒಂದಕ್ಕೊಂದು ಹಚ್ಚಕೋತ ಹೋದ್ರು. ನಾ ಹೆಚ್ಚೂ ಉಳ್ಳಾಗಡ್ಡಿ ಹಂಗ ಕೈಯಾಗ ಉಳೀತು. ಕಣ್ಣೀರಿಗೆ ಉಳ್ಳಾಗಡ್ಡಿ ನೆಪಾ ಆತು, ಅದೊಂದು ಪುಣ್ಯಾ.

ಖಾಲಿ ದಂಡಿ ಮ್ಯಾಲ ಬಾಯ್ನಾ ಎದ್ದು ಕುಂತಿತ್ತು. ನನಗ ಗೊತ್ತಿದ್ದದ್ದಕಿಂತ ದೊಡ್ಡದಿತ್ತು ಅದು. ಗೆದ್ದೆ ಅಂತ ಅನಕೊಂಡೆ. ಟ್ಯಾಬ್ ತಗೊಂಡು ಆಫೀಸಿಗೆ ಓಡಬೇಕು, ಚಿತ್ರ ತಗಿಯಾವಗ ತೋರಸಬೇಕು, ನಾಳೆನ ಮಂದಿಗೆ ಬಿಡಬೇಕು ಅಂತ ಏಳಾಕತ್ತಿದ್ದೆ.

"ಕುಂಡ್ರು," ಅಂದ್ಲು ಅವ್ವ. "ನಿಂದೆಲ್ಲಿ?"

"ನಂದೇನು?"

"ನಿನ್ನ ಮನಿ. ಇಷ್ಟು ದಿನದಿಂದ ಇದನ್ನ ಮಾಡಾಕತ್ತಿ. ಇದರಾಗ ನಿನ್ನ ಮನಿ ಯಾವದು?"

ಇರಲಿಲ್ಲ. ಮನಿ ಕಟ್ಟಿಲ್ಲ ಅಂತಲ್ಲ, ದಿನಾ ಕಟ್ಟತಿದ್ದೆ. ಹಂಚು ಸರಿ ಕುಂತಾವೋ ಇಲ್ಲೋ ನೋಡಾಕ ಕಟ್ಟೂದು, ನೋಡೂದು, ಅಳಸೂದು. ಅದ ನನ್ನ ಕೆಲಸ. ಇದು ನಂದು ಅಂತ ಒಂದನ್ನೂ ಉಳಿಸಕೊಂಡಿರಲಿಲ್ಲ, ಉಳಿಸಕೋಬೇಕು ಅಂತ ನನಗ ಅನಿಸಿನ ಇರಲಿಲ್ಲ.

ಅವ್ವ ಟ್ಯಾಬ್ ನನ್ನ ಕಡೆ ಸರಿಸಿದ್ಲು. ಆಕಿ ಮನಿ ಒಂದು ಕಡೆ ಖಾಲಾನ ಗ್ವಾಡಿಗೆ ಹತ್ತಿತ್ತು. ಇನ್ನೊಂದು ಕಡೆ ಯಾರನ್ನೂ ಹಚ್ಚಿರಲಿಲ್ಲ. ಇಡೀ ಸಾಲಿನ್ಯಾಗ ಅದೊಂದ ಜಾಗಾ ಖಾಲಿ.

"ಈ ಕಡೆದ್ದು ನಿನಗ ಕೊಟ್ಟೇನಿ," ಅಂದ್ಲು. "ಹಚ್ಚು."

ಬೆರಳು ಮುಂದ ಮಾಡಿದೆ. ಮಾಡಿದಲ್ಲೇ ನಿಂತೆ. ಆ ಕೆಂಪ ಬಣ್ಣದ ಸಾಲು ಕೋಡಿನಾಗಿಂದ ಅಳಿಸಿದಾಕಿ ನಾನ, ಒಂದಕ್ಷರನೂ ಅದರದು ಉಳಿದಿಲ್ಲ ಅಂತ ಗೊತ್ತಿದ್ದಾಕಿ ನಾನ. ಆದ್ರೂ ಬೆರಳು ಕೆಳಗ ಇಳೀವಲ್ದು. ಎಲ್ಲಿ ಮುಟ್ಟಿದ ಕೂಡಲೇ ಕೆಂಪ ಬರತೈತೋ ಅಂತ ಅಂಜಿಕಿ, ನನಗ.

ಅವ್ವ ನೋಡಿದ್ಲು. ತಿಳೀತು ಆಕಿಗೆ.

"ಹೆದರಬ್ಯಾಡ," ಅಂದ್ಲು. "ನನ್ನ ಗ್ವಾಡಿ ಐತಿ."

ಮುಟ್ಟಿದೆ.